ವಿಂಡೋಸ್ ಪರವಾನಗಿ: ಬಿಲ್ಲಿನಲ್ಲಿ ಬರೆಯದ ಷರತ್ತು

ಮನೆಗೆ ಕಂಪ್ಯೂಟರ್ ಕೊಳ್ಳುವಾಗ ಪ್ರೊಸೆಸರ್, ರ್‍ಯಾಮ್, ಹಾರ್ಡ್‌ಡಿಸ್ಕ್‌ಗಳ ಬಗ್ಗೆ ಹತ್ತಾರು ಪ್ರಶ್ನೆ ಕೇಳುತ್ತೇವೆ. ಕಾರ್ಯಾಚರಣ ವ್ಯವಸ್ಥೆಯ ಬಗ್ಗೆ ಕೇಳುವುದು ಒಂದೇ: ‘ವಿಂಡೋಸ್ ಒರಿಜಿನಲ್ ತಾನೆ?’ ಈ ಪ್ರಶ್ನೆ ಸಾಲದು. ಒರಿಜಿನಲ್ ವಿಂಡೋಸ್‌ನಲ್ಲೂ ಪರವಾನಗಿಯ ಬಗೆಗಳಿವೆ. ತೆರೆಯ ಮೇಲೆ ಕಾಣುವ ತಂತ್ರಾಂಶ ಒಂದೇ. ಬಳಕೆದಾರನಿಗೆ ಸಿಗುವ ಹಕ್ಕು ಬೇರೆ ಬೇರೆ.

ಮೈಕ್ರೋಸಾಫ್ಟ್‌ನ ಪರವಾನಗಿ ಪತ್ರದ ಪ್ರಕಾರ ತಂತ್ರಾಂಶವನ್ನು ಮಾರುವುದಿಲ್ಲ, ಬಳಸಲು ಅನುಮತಿ ನೀಡಲಾಗುತ್ತದೆ. ಈ ಅನುಮತಿ ಮುಖ್ಯವಾಗಿ ಮೂರು ಬಗೆ. ರೀಟೇಲ್ ಪರವಾನಗಿಯನ್ನು ಹಳೆಯ ಕಂಪ್ಯೂಟರಿನಿಂದ ತೆಗೆದು ಹೊಸದಕ್ಕೆ ಹಾಕಿಕೊಳ್ಳಬಹುದು. ಓಇಎಂ ಪರವಾನಗಿಯ ಬೆಲೆ ಕಡಿಮೆ. ಆದರೆ ಅದು ಮೊದಲು ಅಳವಡಿಸಿದ ಯಂತ್ರಕ್ಕೇ ಅಂಟಿಕೊಂಡಿರುತ್ತದೆ. ವಾಲ್ಯೂಮ್ ಪರವಾನಗಿ ಸಂಸ್ಥೆಗಳಿಗೆ ಮೀಸಲು. ಶಾಲೆಯ ಕೀಯನ್ನು ಶಿಕ್ಷಕರು ತಮ್ಮ ಮನೆಯ ಕಂಪ್ಯೂಟರಿಗೆ ಬಳಸುವಂತಿಲ್ಲ.

ತೊಡಕಿರುವುದು ಓಇಎಂನಲ್ಲಿ. ಹಾರ್ಡ್‌ಡಿಸ್ಕ್, ರ್‍ಯಾಮ್ ಬದಲಿಸಿದರೂ ಕಂಪ್ಯೂಟರ್ ಅದೇ. ಮದರ್‌ಬೋರ್ಡ್ ಕೆಟ್ಟು ಬದಲಿಸಿದರೂ ಪರವಾನಗಿ ಉಳಿಯುತ್ತದೆ. ವೇಗ ಹೆಚ್ಚಿಸಲೆಂದು ಅದನ್ನು ಬದಲಿಸಿದರೆ ಮಾತ್ರ ಹೊಸ ಕಂಪ್ಯೂಟರ್ ಎಂದೇ ಲೆಕ್ಕ. ವಿಂಡೋಸನ್ನು ಮತ್ತೆ ಕೊಳ್ಳಬೇಕು. ಯಂತ್ರವನ್ನು ಗುರುತಿಸಲು ಯಾವುದಾದರೊಂದು ಭಾಗವನ್ನು ಆಧಾರವಾಗಿ ಹಿಡಿಯಲೇಬೇಕು ಎಂಬುದನ್ನು ಒಪ್ಪೋಣ. ಕಂಪ್ಯೂಟರನ್ನು ಬಿಚ್ಚದೆ ಕೊನೆಯವರೆಗೂ ಬಳಸುವವರಿಗೆ ಓಇಎಂ ನಷ್ಟವೇನೂ ಅಲ್ಲ. ಆಕ್ಷೇಪವಿರುವುದು ಷರತ್ತನ್ನು ತಿಳಿಸುವ ರೀತಿಗೆ. ಪೂರ್ಣ ಪತ್ರ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದು ಹಣ ಕೊಟ್ಟ ಮೇಲೆ, ಯಂತ್ರವನ್ನು ಮೊದಲ ಸಲ ಚಾಲೂ ಮಾಡಿದಾಗ. ಆಗ ‘ಒಪ್ಪಿದೆ’ ಎಂದು ಒತ್ತದೆ ಮುಂದೆ ಹೋಗಲಾಗದು.

ನಿಯಮಗಳೂ ಸ್ಥಿರವಲ್ಲ. 2009ರ ವಿಂಡೋಸ್ 7ರ ಸಿಸ್ಟಮ್ ಬಿಲ್ಡರ್ ಪ್ರತಿ, ಕಂಪ್ಯೂಟರ್ ಜೋಡಿಸಿ ಬೇರೆಯವರಿಗೆ ಮಾರುವವರಿಗೆ ಮಾತ್ರ ಎಂದಿತ್ತು. ತನಗಾಗಿಯೇ ಜೋಡಿಸಿಕೊಂಡವನು ಅದನ್ನು ಬಳಸಿದರೆ ಹಣ ಕೊಟ್ಟೂ ಷರತ್ತು ಮುರಿದಂತೆ! 2012ರ ವಿಂಡೋಸ್ 8ರಲ್ಲಿ ಸ್ವಂತ ಬಳಕೆಗೆ ಅನುಮತಿ ಬಂತು. ವೃತ್ತಿಯವರಿಗೇ ಗೊಂದಲ ತರುವ ಇಂಥ ವಿಷಯವನ್ನು ಸಾಮಾನ್ಯ ಗ್ರಾಹಕ ತಾನೇ ತಿಳಿದಿರಬೇಕೆನ್ನುವುದು ನ್ಯಾಯವಲ್ಲ.

ಲಿನಕ್ಸ್ ಕರ್ನೆಲ್‌ಗೆ ಅನ್ವಯಿಸುವ ಜಿಪಿಎಲ್ ಪರವಾನಗಿಯ ಎರಡನೆಯ ಆವೃತ್ತಿ ಬಂದದ್ದು 1991ರಲ್ಲಿ. ಅದರಲ್ಲಿ ಯಂತ್ರಗಳ ಲೆಕ್ಕವಿಲ್ಲ. ಎಷ್ಟು ಕಂಪ್ಯೂಟರುಗಳಿಗಾದರೂ ಹಾಕಬಹುದು, ಪ್ರತಿ ಮಾಡಿ ಹಂಚಬಹುದು. ಹಂಚುವವರು ಮೂಲ ಸಂಕೇತವನ್ನೂ ಪಡೆಯುವವರಿಗೆ ಒದಗಿಸಬೇಕು. ಆದರೆ ಅದು ಯಾವ ಖಾತರಿಯನ್ನೂ ಕೊಡುವುದಿಲ್ಲ, ನಮಗೆ ಬೇಕಾದ ತಂತ್ರಾಂಶಗಳೆಲ್ಲ ಅಲ್ಲಿ ನಡೆಯುವುದೂ ಇಲ್ಲ.

ಯಾವುದನ್ನು ಆರಿಸಿದರೂ ತಿಳಿದು ಆರಿಸಬೇಕು. ವಿಂಡೋಸ್ ಕೊಳ್ಳುವವರು ಪರವಾನಗಿ ರೀಟೇಲೋ ಓಇಎಂಒ ಎಂಬುದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಲಿ. ಅಂಗಡಿಯವರು ಬರೆಯಲು ಹಿಂದೇಟು ಹಾಕಿದರೆ, ಹಣ ಕೊಡುವ ಮುನ್ನ ಇನ್ನೊಮ್ಮೆ ಯೋಚಿಸುವುದು ಒಳ್ಳೆಯದು.