ಅಪವರ್ತಿಸಲು ಬಾರದ ಹನ್ನೊಂದು

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯಿಂದ ನನ್ನ ಪದವಿ ತರಗತಿಗೆ ಬರುವ ವಿದ್ಯಾರ್ಥಿಗಳಿಗೆ ಪ್ರತಿವರ್ಷ ಒಂದು ಲೆಕ್ಕ ಕೊಡುತ್ತೇನೆ. ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ನೇರ ಮೇಲಕ್ಕೆಸೆದ ಕಲ್ಲು 15 ಮೀಟರ್ ಎತ್ತರದಲ್ಲಿರುವುದು ಯಾವಾಗ? ಗಾಳಿಯ ತಡೆಯನ್ನು ಬಿಟ್ಟುಬಿಡಿ. ಕಾಲವನ್ನು ‘ಯ’ ಎನ್ನಿ. ಗುರುತ್ವ ವೇಗೋತ್ಕರ್ಷ 10 ಎಂದು ಹಿಡಿದರೆ ಯ² − 4ಯ + 3 = 0. ಕೂಡಲೇ (ಯ − 1)(ಯ − 3) ಎಂದು ಬರೆಯುತ್ತಾರೆ. ಏರುವಾಗ 1, ಇಳಿಯುವಾಗ 3 ಸೆಕೆಂಡು.

ಅದನ್ನೇ 9.8 ಎಂದು ಹಿಡಿಯಲು ಹೇಳಿದರೆ 4.9ಯ² − 20ಯ + 15 = 0 ಬರುತ್ತದೆ. ಮಧ್ಯಪದ ಒಡೆಯುವುದಿಲ್ಲ. “ಲೆಕ್ಕ ತಪ್ಪೈತ್ರಿ ಸರ್” ಎನ್ನುತ್ತಾರೆ. ಕಲ್ಲು ಮಾತ್ರ ಸುಮಾರು 0.99 ಮತ್ತು 3.09 ಸೆಕೆಂಡಿಗೆ ಅಲ್ಲಿ ಇದ್ದೇ ಇರುತ್ತದೆ!

ತಪ್ಪು ಮಕ್ಕಳದಲ್ಲ. ನಾವು ಅಭ್ಯಾಸಕ್ಕೆ ಕೊಡುವ ಲೆಕ್ಕಗಳೆಲ್ಲ ಮೊದಲೇ ಆರಿಸಿಟ್ಟವು. ಯ² + 7ಯ + 10 ಕೊಡುತ್ತೇವೆ, ಯ² + 7ಯ + 12 ಕೊಡುತ್ತೇವೆ. ನಡುವಿನ 11 ಅನ್ನು ಹಾರಿಬಿಡುತ್ತೇವೆ. ರಟ್ಟಿನಲ್ಲಿ ಒಂದು ದೊಡ್ಡ ಚೌಕ, ಏಳು ಪಟ್ಟಿ, ಹತ್ತು ಚಿಕ್ಕ ಚೌಕ ಕತ್ತರಿಸಿ ಕೊಡಿ. ಎರಡು ಪಟ್ಟಿ ಒಂದು ಬದಿಗೆ, ಐದು ಇನ್ನೊಂದು ಬದಿಗೆ ಇಟ್ಟರೆ ಮೂಲೆಯಲ್ಲಿ ಹತ್ತು ಚೌಕ ಸರಿಯಾಗಿ ಕೂರುತ್ತವೆ. ಗದ್ದೆಯ ಮಡಿಯಂತೆ ಆಯತ ಸಿದ್ಧ. ಏಳು ಪಟ್ಟಿಗಳನ್ನು ಎರಡು ಬದಿಗೆ ಹೇಗೆ ಹಂಚಿದರೂ ಮೂಲೆ ಹಿಡಿಯುವುದು 6, 10 ಅಥವಾ 12. ಹನ್ನೊಂದಕ್ಕೆ ಜಾಗವಿಲ್ಲ. ಈ ಸೋಲನ್ನು ಮಗು ಕೈಯಾರೆ ಕಾಣಬೇಕು. ಆಗ ಶೋಧಕ 49 − 44 = 5 ಪೂರ್ಣವರ್ಗವಲ್ಲ ಎಂಬ ಮಾತಿಗೆ ಅರ್ಥ ಬರುತ್ತದೆ. ಅಪವರ್ತನಗಳು ಇಲ್ಲವೆಂದಲ್ಲ, ಅವು ಪೂರ್ಣಾಂಕಗಳಲ್ಲಿ ಇಲ್ಲ.

ಯ² + 7ಯ + 13 ಬೇರೆಯೇ ಬಗೆ. ಇದರ ಶೋಧಕ −3. ರಾಷ್ಟ್ರಕೂಟ ಅಮೋಘವರ್ಷನ ಕಾಲದ, ಅಂದರೆ 9ನೇ ಶತಮಾನದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದಿದ್ದಾನೆ. (ಆ ರಾಜಧಾನಿ ಮಾನ್ಯಖೇಟ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ, ಲಿಂಗಸುಗೂರಿಗೆ ಬಹಳ ದೂರವೇನಲ್ಲ.) ನಮ್ಮ ಕಲ್ಲಿಗೇ ಬನ್ನಿ: ವೇಗೋತ್ಕರ್ಷ 10 ಎಂದಿಟ್ಟು 25 ಮೀಟರ್ ಎತ್ತರ ಕೇಳಿದರೆ ಯ² − 4ಯ + 5 = 0, ಶೋಧಕ −4. ಕಲ್ಲು 20 ಮೀಟರಿನಿಂದಲೇ ಹಿಂದಿರುಗುತ್ತದೆ. ಸಮೀಕರಣ ಹೇಳಿದ್ದೂ ಅದನ್ನೇ.

ಶಿಕ್ಷಕರು ಒಂದು ತರಗತಿಯ ಅವಧಿಯಲ್ಲಿ ಇದನ್ನು ಮಾಡಿಸಬಹುದು. ಯ² + ಬಯ + ಕ ಎಂಬಲ್ಲಿ ಬ, ಕ ಎರಡಕ್ಕೂ 1ರಿಂದ 10ರವರೆಗಿನ ಬೆಲೆ ಕೊಟ್ಟರೆ ನೂರು ಬಹುಪದೋಕ್ತಿಗಳಾಗುತ್ತವೆ. ಪೂರ್ಣಾಂಕಗಳ ದ್ವಿಪದಗಳಾಗಿ ಒಡೆಯುವವು ಅವುಗಳಲ್ಲಿ 14 ಮಾತ್ರ. ಉಳಿದ 86 ನಮ್ಮ ಪ್ರಶ್ನೆಪತ್ರಿಕೆಯ ಅಪವರ್ತನ ವಿಭಾಗಕ್ಕೆ ಬರುವುದೇ ಇಲ್ಲ.