ಅರ್ಥನೆಯೂ ಭರ್ತ್ಸನೆಯೂ

ಮೈಸೂರು ಆಸ್ಥಾನ ವಿದ್ವಾಂಸರಾಗಿದ್ದ ಸೋಸಲೆ ಅಯ್ಯಾಶಾಸ್ತ್ರಿಗಳ ‘ಸ್ವಾಮಿದೇವನೆ’ ಎಂಬ ಪ್ರಾರ್ಥನೆಯನ್ನು ಪಾಠಶಾಲೆಗಳಲ್ಲಿ ಹಾಡಿ ಬೆಳೆದವರು ಅನೇಕರುಂಟು. ಅದು ಶುದ್ಧವಾದ ಯಾಚನೆ; ಬೇಡುವವನ ಕೈಯಲ್ಲಿ ಭಕ್ತಿಯಲ್ಲದೆ ಬೇರೆ ಆಯುಧವಿಲ್ಲ. ಆದರೆ ಬೆನ್ನ ಹಿಂದೆ ಸೇನೆಯನ್ನಿರಿಸಿಕೊಂಡು ಬೇಡುವವನ ವಿನಯವನ್ನು ಯಾಚನೆಯೆನ್ನಬಹುದೇ? ಅದಕ್ಕಿಂತ ನೇರವಾದ ಬೆದರಿಕೆಯೇ ಸತ್ಯಕ್ಕೆ ಸಮೀಪವಲ್ಲವೇ? ಉದ್ಯೋಗಪರ್ವವನ್ನೋದುವವರಿಗೆ ಧರ್ಮರಾಯನ ವಿಷಯದಲ್ಲಿ ಈ ಸಂದೇಹವು ಹುಟ್ಟುವುದು ಸಹಜ.

ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ರಾಜಶಾಸನಗಳ ಪ್ರಯೋಜನಗಳನ್ನು ೧೩ ಬಗೆಯಾಗಿ ವಿಂಗಡಿಸುತ್ತದೆ. ಅಲ್ಲಿ ಕೊಡೆಂದು ಕೇಳುವ ಅರ್ಥನೆ ಬೇರೆ. ಮಾಡೆಂದು ವಿಧಿಸುವ ಚೋದನೆ ಬೇರೆ. ಮುಂದೊದಗುವ ಕೇಡನ್ನು ತೋರಿಸುವ ಭರ್ತ್ಸನೆ ಬೇರೆ. ಒಂದಕ್ಕೆ ಮತ್ತೊಂದರ ವೇಷವನ್ನು ತೊಡಿಸಲಾಗದೆಂಬುದು ಈ ವಿಭಾಗದಿಂದ ಗ್ರಹಿಸತಕ್ಕ ನೀತಿ.

ಈ ಒರೆಗಲ್ಲಿಗೆ ಉದ್ಯೋಗಪರ್ವದ ದೌತ್ಯಗಳನ್ನು ಉಜ್ಜಿ ನೋಡಬೇಕು. ಧೃತರಾಷ್ಟ್ರನ ಪರವಾಗಿ ಬಂದ ಸಂಜಯನ ಮಾತು ಅತ್ಯಂತ ಮೃದು. ಯುದ್ಧದಿಂದ ರಾಜ್ಯವನ್ನು ಪಡೆಯುವುದಕ್ಕಿಂತ ಅಂಧಕವೃಷ್ಣಿಗಳ ನಾಡಿನಲ್ಲಿ ಭಿಕ್ಷೆಯಿಂದ ಬಾಳುವುದು ಲೇಸೆಂದು ಅವನು ಪಾಂಡವರಿಗೆ ಬೋಧಿಸುತ್ತಾನೆ. ಕೊಡುವ ಮಾತು ಮಾತ್ರ ಅದರಲ್ಲಿ ಒಂದೂ ಇಲ್ಲ. ನುಡಿ ವಿನಯದ್ದು, ಕೇಳಿದ್ದು ಸರ್ವಸ್ವವನ್ನು. ದುರ್ಯೋಧನನು ಉಲೂಕನ ಮುಖದಿಂದ ಕಳುಹಿಸಿದ ಸಂದೇಶವಾದರೋ ಕಟುವಾದುದು. ಅದರಲ್ಲಿ ಮರೆಮಾಚಿಲ್ಲ, ನಿಜ. ಆದರೆ ಎದುರಾಳಿಗೆ ಮಾನದಿಂದ ಒಪ್ಪುವ ದಾರಿಯನ್ನೂ ಅದು ಉಳಿಸಲಿಲ್ಲ.

ಧರ್ಮರಾಯನ ನಡೆ ಇವೆರಡಕ್ಕೂ ಹೊರತಾದುದು. ಅರ್ಧರಾಜ್ಯಕ್ಕೆ ಹಕ್ಕುಳ್ಳವನು ಐದೇ ಗ್ರಾಮಗಳಿಗೆ ಇಳಿಯುತ್ತಾನೆ. ವೃಕಸ್ಥಲ, ವಾರಣಾವತ ಮೊದಲಾದ ನಾಲ್ಕನ್ನು ಹೆಸರಿಸಿ, ಐದನೆಯದನ್ನು ಕೊಡುವವನ ಇಚ್ಛೆಗೇ ಬಿಡುತ್ತಾನೆ. ಇದು ಅರ್ಥನೆ. ಅದೇ ಸಂಜಯನೊಡನೆ, ತಾನು ಶಾಂತಿಗೂ ಸಿದ್ಧ, ಯುದ್ಧಕ್ಕೂ ಸಮರ್ಥನೆಂದು ಮುಚ್ಚುಮರೆಯಿಲ್ಲದೆ ಹೇಳಿಕಳುಹುತ್ತಾನೆ. ಇದು ಭರ್ತ್ಸನೆ. ಎರಡನ್ನೂ ಅವನು ನುಡಿದನು. ಒಂದರಲ್ಲಿ ಮತ್ತೊಂದನ್ನು ಅಡಗಿಸಲಿಲ್ಲ.

ಆದಕಾರಣ ವಿನಯದ ಪರೀಕ್ಷೆ ಬಹುವಚನದಲ್ಲಿಯೂ ಮೃದುಪದಗಳಲ್ಲಿಯೂ ಇಲ್ಲ. ಕೇಳುವವನು ತನ್ನ ಪಾಲಿನಲ್ಲಿ ಏನನ್ನು ಬಿಟ್ಟನು, ಇಲ್ಲವೆಂದರೆ ಒದಗುವುದನ್ನು ಮೊದಲೇ ತಿಳಿಸಿದನೇ, ಕೊಡುವವನ ಮಾನವನ್ನು ಉಳಿಸಿದನೇ ಎಂಬ ಮೂರರಲ್ಲಿದೆ. ಮನೆಯ ಹಿರಿಯರು ಕಿರಿಯರಿಗೆ, ಅಧಿಕಾರಿಗಳು ಪ್ರಜೆಗಳಿಗೆ ‘ದಯವಿಟ್ಟು’ ಎನ್ನುವಾಗಲೂ ಇದೇ ಒರೆಗಲ್ಲು. ಧರ್ಮರಾಯನ ಯಾಚನೆ ಫಲಿಸಲಿಲ್ಲ; ಸೂಜಿಯ ಮೊನೆಯಷ್ಟು ನೆಲವೂ ದೊರೆಯಲಿಲ್ಲ. ಆದರೂ ಯುದ್ಧವು ಮುಗಿದ ಮೇಲೆ, ತಿಳಿಸದೆ ಹೊಡೆದನೆಂದು ಯಾರೂ ಅವನನ್ನು ದೂರಲಾರದೆ ಹೋದರು.