ಕ್ರ್ಯಾಂಕೆಂಬ ಕಿರುದೋಳು

ವಿದ್ಯುತ್ತಿನ ನೆರವಿನಿಂದ ಬೆಟ್ಟವೇರುವ ಸೈಕಲಿನ ಮೋಟಾರನ್ನೂ ಬ್ಯಾಟರಿಯನ್ನೂ ಕೊಂಡಾಡುವವರು ಬಹುಮಂದಿ. ಸವಾರನ ಪಾದಬಲವನ್ನು ಮೋಟಾರಿನ ಇರುಸಿಗೆ ಮುಟ್ಟಿಸುವ, ಗೇಣುದ್ದಕ್ಕೂ ಕಡಿಮೆಯಾದ ಕ್ರ್ಯಾಂಕೆಂಬ ಲೋಹದ ತೋಳಿನ ಸೌಷ್ಠವವನ್ನು ಗಮನಿಸಿದವರು ವಿರಳ.

ಸಾಧಾರಣ ಗಿರಿಸೈಕಲಿಗೆ 170 ಅಥವಾ 175 ಮಿಲಿಮೀಟರಿನ ತೋಳು ರೂಢಿಯಾಗಿದ್ದರೂ, ಕಲ್ಲುಬಂಡೆಗಳ ಕಡಿದಾದ ಏರಿನಲ್ಲಿಯೂ ಸವಾರನು ತುಳಿಯುತ್ತಲೇ ಇದ್ದರಷ್ಟೆ ಮೋಟಾರು ಸಹಕರಿಸುವುದರಿಂದ, ಕೆಳಗಿಳಿದ ಪೆಡಲು ಬಂಡೆಗೆ ತಾಗದಂತೆ ತುಸು ಎತ್ತರವನ್ನು ಉಳಿಸಿಕೊಡುವ 165, 160, ಕೆಲವೊಮ್ಮೆ 155 ಮಿಲಿಮೀಟರಿನ ಗಿಡ್ಡ ತೋಳೇ ಇಲ್ಲಿ ಶ್ರೇಯಸ್ಕರವೆಂಬುದು ನನ್ನ ಅಭಿಮತ. ತೋಳು ಗಿಡ್ಡವಾದಷ್ಟೂ ಸನ್ನೆಯ ಲಾಭ ಕುಗ್ಗುವುದು ದಿಟ. ಆ ನಷ್ಟವನ್ನು ತುಂಬಿಕೊಡುವುದಕ್ಕೆ ಮೋಟಾರಿದೆಯಷ್ಟೆ!

ಆದರೆ ಉದ್ದಕ್ಕಿಂತ ಮೊದಲು ಪರೀಕ್ಷಿಸತಕ್ಕದ್ದು ಇರುಸಿನ ಹಲ್ಲುಗಳನ್ನು. ಬಾಷ್ ಸಂಸ್ಥೆಯ ಪರ್ಫಾರ್ಮೆನ್ಸ್ ಲೈನ್ ಸಿಎಕ್ಸ್ ಮೋಟಾರಿನದು ಹತ್ತು ಹಲ್ಲಿನ ಐಸಿಸ್ ಮಾದರಿ. ಶಿಮಾನೋ ಇಪಿ8ರದು ಆ ಸಂಸ್ಥೆಯದೇ ಆದ ಬೇರೊಂದು ಮಾದರಿ. ಒಂದರ ತೋಳು ಮತ್ತೊಂದಕ್ಕೆ ಸರ್ವಥಾ ಕೂಡದು. ಕಾರ್ಬನ್ನಿನ ಲಾಘವ ಮೋಹಕವೇ ಸರಿ. ಇಪ್ಪತ್ತು ಕಿಲೋಗ್ರಾಂ ಮೀರಿ ತೂಗುವ ವಾಹನದಲ್ಲಿ ಆ ಅಲ್ಪ ಉಳಿತಾಯವೇನು ಮಹಾ? ಬಂಡೆಯ ಪೆಟ್ಟನ್ನು ಗೀರಿನೊಡನೆ ಸಹಿಸಿಕೊಳ್ಳುವ, ಒತ್ತಿ ರೂಪಿಸಿದ ಅಲ್ಯೂಮಿನಿಯಮ್ಮಿಗೇ ನನ್ನ ಒಲವು.

ಜೋಡಿಸುವಾಗ ಎಡಗಡೆಯ ಪೆಡಲಿನ ತಿರುಪು ವಿಲೋಮವಾಗಿ, ಗಡಿಯಾರದ ಮುಳ್ಳಿನ ಗತಿಗೆ ಎದುರಾಗಿ, ಬಿಗಿಯುವುದೆಂಬುದನ್ನು ವಾಚಕರು ಮರೆಯದಿರಲಿ.